ಯಾವ ಮೈಕೂ ಅಳೆಯದ 159

ಬಳ್ಳಾರಿ ರಸ್ತೆಯಲ್ಲಿ ಚಿಕ್ಕಜಾಲದ ಹಳೆ ಕೋಟೆ ದಾಟುವಾಗ ವಿಮಾನ ನಿಲ್ದಾಣದ ಬಸ್ಸಿನೊಳಗೆ ಒಮ್ಮೆ ಕಣ್ಣಾಡಿಸಿದರೆ, ಇಯರ್‌ಫೋನ್ ಸಿಕ್ಕಿಸಿಕೊಳ್ಳದವರನ್ನು ಎಣಿಸುವುದೇ ಸುಲಭ ಅನ್ನಿಸುತ್ತದೆ. ಇಯರ್‌ಫೋನ್ ಇರುವ ಕಿವಿಗಳಲ್ಲಿ ಯಾವುದೋ ಒಂದರೊಳಗೆ ಸಿ.ಡಿ. ಕಾಲದ ಕನ್ನಡ ಹಾಡೊಂದು ನಡೆಯುತ್ತಿದೆ ಎನ್ನೋಣ. ನಾಲ್ಕು ನಿಮಿಷದ ಹಾಡು. ಅದನ್ನು ಸಿ.ಡಿ.ಗೆ ಇಳಿಸಿದಾಗ ಸೆಕೆಂಡಿಗೆ 44,100 ಸಲ ಸದ್ದಿನ ಮಟ್ಟವನ್ನು ಅಳೆದು ಬರೆದಿಟ್ಟಿದ್ದರು. ಆ ಒಂದೊಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. ಫೋನಿನ ಒಳಗಿರುವ ಧ್ವನಿಯ ಚಿಪ್ ಮಾತ್ರ ಬಹಳಷ್ಟು ಕಡೆ ಸೆಕೆಂಡಿಗೆ 48,000ದ ಲಯದಲ್ಲೇ ಓಡುತ್ತದೆ. 44,100 ಕೊಟ್ಟರೆ ಅದಕ್ಕೆ ಆಗದು. ಹಾಗಾಗಿ ದಾರಿಯುದ್ದಕ್ಕೂ, ಬಸ್ಸು ಸಿಗ್ನಲ್‌ನಲ್ಲಿ ನಿಂತಿದ್ದರೂ ಬಿಡದೆ, ಫೋನು ಹಾಡನ್ನು ಮರುಲೆಕ್ಕ ಹಾಕುತ್ತಲೇ ಇರುತ್ತದೆ. ಈ ಕೆಲಸಕ್ಕೆ ರೀಸ್ಯಾಂಪ್ಲಿಂಗ್ ಎನ್ನುತ್ತಾರೆ.

ಹಾಡಿನಲ್ಲಿ ಎಡ-ಬಲ ಎರಡು ವಾಹಿನಿ. ಒಂದೊಂದರಲ್ಲೂ ಹಳೆಯ ಸ್ಯಾಂಪಲ್‌ಗಳು 1 ಕೋಟಿ 5 ಲಕ್ಷ 84 ಸಾವಿರ. ಹೊಸದಾಗಿ ಬೇಕಾದವು 1 ಕೋಟಿ 15 ಲಕ್ಷ 20 ಸಾವಿರ. ಕೊರತೆ ಬಿದ್ದ ಒಂಬತ್ತು ಲಕ್ಷ ಚಿಲ್ಲರೆಯನ್ನು ನಡುನಡುವೆ ತುಂಬಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಮುಗಿಯುವುದಿಲ್ಲ. ಹಳೆಯ ಅಳತೆಗಳು 22.68 ಮೈಕ್ರೋಸೆಕೆಂಡಿಗೊಂದು, ಹೊಸವು 20.83 ಮೈಕ್ರೋಸೆಕೆಂಡಿಗೊಂದು. ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಂದೇ ಕ್ಷಣಕ್ಕೆ ಬೀಳುವುದು ಹಳೆಯವು 147, ಹೊಸವು 160 ಕಳೆದ ಮೇಲೆಯೇ. ಅಂದರೆ ಪ್ರತಿ 160 ಹೊಸ ಸ್ಯಾಂಪಲ್‌ಗಳಲ್ಲಿ ಒಂದು ಮಾತ್ರ ಅಂದು ಅಳೆದ ಕ್ಷಣಕ್ಕೆ ಸೇರಿದ್ದು. ಉಳಿದ 159 ಯಾವ ಮೈಕೂ ಅಳೆಯದ ಕ್ಷಣಗಳವು. ಇಡೀ ಹಾಡಿನ ಲೆಕ್ಕ ತೆಗೆದರೆ ಒಂದು ವಾಹಿನಿಯಲ್ಲಿ ಅಸಲಿ ಕ್ಷಣಗಳು 72,000; ಮಿಕ್ಕ 1 ಕೋಟಿ 14 ಲಕ್ಷ 48 ಸಾವಿರವನ್ನು ಫೋನು ಕೂತಲ್ಲೇ ಲೆಕ್ಕ ಹಾಕಿ ಸೃಷ್ಟಿಸಿದ್ದು. ಆದರೂ ಗಾಯಕರ ಕಂಠ ಬದಲಾಗುವುದಿಲ್ಲ, ತಬಲಾ ತಬಲಾದಂತೆಯೇ ಕೇಳಿಸುತ್ತದೆ.

ಒಂದು ಹೊಸ ಸ್ಯಾಂಪಲ್ ಹುಟ್ಟುವುದನ್ನು ಹತ್ತಿರದಿಂದ ನೋಡೋಣ. ಸೊನ್ನೆಯಿಂದ ಎಣಿಸಿದರೆ ಹೊಸದರಲ್ಲಿ 1ನೆಯದು ಹಳೆಯ ಅಳತೆಗೋಲಿನ ಮೇಲೆ 0.91875ರಲ್ಲಿ ಬೀಳುತ್ತದೆ, ಅಂದರೆ ಹಳೆಯ ಸೊನ್ನೆಗೂ ಒಂದಕ್ಕೂ ನಡುವೆ, ಒಂದಕ್ಕೆ ತೀರಾ ಹತ್ತಿರ. ಫೋನು ಈ ಜಾಗದ ಎಡಕ್ಕೆ 32, ಬಲಕ್ಕೆ 32, ಒಟ್ಟು 64 ಹಳೆಯ ಸ್ಯಾಂಪಲ್‌ಗಳನ್ನು ಎತ್ತಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಮೊದಲೇ ಬರೆದಿಟ್ಟ ತೂಕ ಒಂದಿರುತ್ತದೆ: ಹತ್ತಿರದವಕ್ಕೆ ಹೆಚ್ಚು, ದೂರದವಕ್ಕೆ ಕಡಿಮೆ, ಒಂದು ಬಿಟ್ಟು ಒಂದಕ್ಕೆ ಋಣ ಚಿಹ್ನೆ. ಅರವತ್ನಾಲ್ಕನ್ನೂ ಅದರದರ ತೂಕದಿಂದ ಗುಣಿಸಿ ಕೂಡಿದರೆ ಒಂದು ಸ್ಯಾಂಪಲ್ ಸಿದ್ಧ. ಮುಂದಿನದು 1.8375ರಲ್ಲಿ. ಮತ್ತೆ 64 ಗುಣಾಕಾರ, ಈ ಸಲ ಬೇರೆಯೇ ತೂಕಗಳು. 160 ಬೇರೆಬೇರೆ ಜಾಗ, ಜಾಗಕ್ಕೆ 64 ತೂಕ. ಹೀಗೆ 10,240 ಸಂಖ್ಯೆಗಳ ಒಂದು ಮಗ್ಗಿ ಫೋನಿನ ನೆನಪಿನಲ್ಲಿ ಕೂತಿರುತ್ತದೆ.

ಎರಡೂ ವಾಹಿನಿ ಸೇರಿದರೆ ಸೆಕೆಂಡಿಗೆ 61 ಲಕ್ಷ 44 ಸಾವಿರ ಗುಣಾಕಾರ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಜಗತ್ತನ್ನು ಬೆರಗಾಗಿಸಿದರು. ಅವರ ಸಂಖ್ಯೆಗಳ ಮುಂದೆ ಫೋನಿನವು ಚಿಕ್ಕವು ನಿಜ. ಆದರೆ ಅಷ್ಟೇ 28 ಸೆಕೆಂಡಿನಲ್ಲಿ, ಅದೂ ಹಾಡಿನ ಪಲ್ಲವಿ ಮುಗಿಯುವ ಮೊದಲೇ, ಫೋನು 17 ಕೋಟಿ 20 ಲಕ್ಷ ಗುಣಾಕಾರ ಮುಗಿಸಿರುತ್ತದೆ. ನಾಲ್ಕು ನಿಮಿಷದ ಹಾಡಿಗೆ 147 ಕೋಟಿ 45 ಲಕ್ಷ. ಸೆಕೆಂಡಿಗೊಂದರಂತೆ ಊಟ-ನಿದ್ದೆ ಬಿಟ್ಟು ಮನುಷ್ಯನೊಬ್ಬ ಮಾಡುತ್ತ ಕೂತರೆ 46 ವರ್ಷ 8 ತಿಂಗಳು ಹಿಡಿಯುವ ಕೆಲಸ. ಒಂದು ಹಾಡಿಗೆ ಒಬ್ಬನ ಇಡೀ ಸರ್ವಿಸ್ಸು, ಪಿಂಚಣಿಯ ಮೇಲೂ ಒಂದಷ್ಟು ವರ್ಷ.

ಇಷ್ಟೆಲ್ಲ ಪಾಡು ಪಡುವ ಬದಲು ಲೋಕದ ಎಲ್ಲರೂ ಒಂದೇ ಸಂಖ್ಯೆ ಹಿಡಿಯಬಾರದಿತ್ತೇ? ಹಿಡಿಯಬಹುದಿತ್ತು. ಆದರೆ ಎರಡು ಸಂಖ್ಯೆಗಳ ಹಿಂದೆಯೂ ಅದರದರ ನ್ಯಾಯವಿದೆ. 44,100 ಬಂದದ್ದು ವಿಡಿಯೋ ಟೇಪಿನಿಂದ. ಅಂಕಿರೂಪದ ಧ್ವನಿಯನ್ನು ಬರೆದಿಡಲು ಆಗ ಬೇರೆ ಒಳ್ಳೆಯ ಸಾಧನ ಇರಲಿಲ್ಲ. ಹಾಗಾಗಿ ಸದ್ದನ್ನು ಚಿತ್ರದ ಗೆರೆಗಳಂತೆ ವೇಷ ಹಾಕಿಸಿ ವಿಡಿಯೋ ಟೇಪಿಗೆ ಇಳಿಸುತ್ತಿದ್ದರು. ಅಮೆರಿಕ-ಜಪಾನಿನ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 60 ಫೀಲ್ಡ್ (ಅರ್ಧರ್ಧ ಚಿತ್ರ), ಒಂದೊಂದರಲ್ಲಿ ಬಳಕೆಗೆ ಸಿಗುವ 245 ಗೆರೆ, ಗೆರೆಗೆ 3 ಸ್ಯಾಂಪಲ್: ಗುಣಿಸಿದರೆ 44,100. ಪಾಲ್ ಎಂಬ ಇನ್ನೊಂದು ಟಿ.ವಿ. ಪದ್ಧತಿಯಲ್ಲಿ 50 ಫೀಲ್ಡ್, 294 ಗೆರೆ, ಮತ್ತೆ 3: ಅದೂ 44,100! 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ, ನಮ್ಮ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಹಿಡಿದದ್ದೂ ಇದೇ ಪಾಲ್ ಅನ್ನು. ಅದೇ ವರ್ಷ ಜಪಾನಿನಲ್ಲಿ ಸಿ.ಡಿ. ಮಾರಾಟಕ್ಕೆ ಬಂತು. ಇನ್ನೊಂದು ಚೆಲುವೂ ಈ ಸಂಖ್ಯೆಗಿದೆ: ಮೊದಲ ನಾಲ್ಕು ಅವಿಭಾಜ್ಯಗಳಾದ 2, 3, 5, 7ನ್ನು ಗುಣಿಸಿದರೆ 210, ಅದರ ವರ್ಗವೇ 44,100.

48,000 ಸಿನಿಮಾದವರಿಗೆ ಒಗ್ಗಿದ್ದು. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಫ್ರೇಮಿಗೆ ಸರಿಯಾಗಿ 2,000 ಸ್ಯಾಂಪಲ್ ಬೀಳುತ್ತದೆ. 44,100 ಆದರೆ 1,837 ಮತ್ತು ಅರ್ಧ. ಅರ್ಧ ಸ್ಯಾಂಪಲ್ಲನ್ನು ಕತ್ತರಿಸುವುದು ಹೇಗೆ? ಗಾಂಧಿನಗರದ ಯಾವ ಚಿತ್ರದ ಹಾಡಾದರೂ ತೆರೆಗೆ ಒಂದು ಲಯದಲ್ಲಿ, ಸಿ.ಡಿ.ಗೆ ಇನ್ನೊಂದು ಲಯದಲ್ಲಿ ಹೋಗಬೇಕಾದದ್ದು ಹೀಗೆ.

ಇನ್ನು ನಿಜವಾದ ಬೆರಗಿಗೆ ಬರೋಣ. ಪಠ್ಯಪುಸ್ತಕ ಹೇಳುವ ವಿಧಾನ ಸರಳ. ಎರಡೂ ಲಯಕ್ಕೆ ಸಾಮಾನ್ಯವಾದ ಅತಿ ಚಿಕ್ಕ ಸಂಖ್ಯೆ 70,56,000. ಮೊದಲು ಹಾಡನ್ನು ಅಲ್ಲಿಗೆ ಏರಿಸಬೇಕು: ಪ್ರತಿ ಹಳೆಯ ಸ್ಯಾಂಪಲ್ಲಿನ ಹಿಂದೆ 159 ಸೊನ್ನೆ ತುರುಕಬೇಕು. ಆಮೇಲೆ ಅದನ್ನೆಲ್ಲ ಫಿಲ್ಟರಿನಲ್ಲಿ ಹಾಯಿಸಿ, ಪ್ರತಿ 147ರಲ್ಲಿ ಒಂದನ್ನು ಇಟ್ಟುಕೊಂಡು 146ನ್ನು ಎಸೆಯಬೇಕು. 70.56 ಲಕ್ಷ ಎಂದರೆ ಎಷ್ಟು? ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಅದರ ಹನ್ನೊಂದೂವರೆ ಪಟ್ಟು. ರೇಡಿಯೋ ಆಗಿದ್ದರೆ ಅದು ಶಾರ್ಟ್‌ವೇವ್‌ನಲ್ಲಿ, ಹ್ಯಾಮ್ ಹವ್ಯಾಸಿಗಳು ರಾತ್ರಿ ಹರಟುವ 40 ಮೀಟರಿನ ಪಟ್ಟಿಯೊಳಗೇ ಬಂದು ಕೂರುತ್ತಿತ್ತು. ನಾಲ್ಕು ನಿಮಿಷದ ಭಾವಗೀತೆಯೊಂದನ್ನು ಇಷ್ಟು ಎತ್ತರಕ್ಕೆ ಏರಿಸಿ ಇಳಿಸಬೇಕು!

ಹೀಗೆ ಮಾಡಿದರೆ ಫಿಲ್ಟರಿನ ಉದ್ದ, ಅಂದರೆ ಅದರ ತೂಕಗಳ ಸಂಖ್ಯೆ, ಮಗ್ಗಿಯ ಆ 10,240; ಸೆಕೆಂಡಿಗೆ 70.56 ಲಕ್ಷ ಸಲ ಅದನ್ನು ಓಡಿಸಬೇಕು. ಒಂದು ವಾಹಿನಿಗೆ ಸೆಕೆಂಡಿಗೆ 7,225 ಕೋಟಿ ಗುಣಾಕಾರ. ಒಂದು ಹಾಡಿಗಾಗಿ ಫೋನು ಇಷ್ಟು ಹೊರೆ ಹೊರುವುದರಲ್ಲಿ ಅರ್ಥವಿಲ್ಲ. ಆದರೆ ಈ ಗುಣಾಕಾರಗಳು ಎಂಥವು ನೋಡಿ. 160ರಲ್ಲಿ 159 ಸೊನ್ನೆಯಿಂದ ಗುಣಿಸುವವು. ಉತ್ತರ ಮೊದಲೇ ಗೊತ್ತು. ಬಂದ ಉತ್ತರಗಳಲ್ಲಿ 147ಕ್ಕೆ 146ನ್ನು ಕೊನೆಗೆ ಎಸೆಯುವುದೇ. ಎಸೆಯುವುದನ್ನು ಲೆಕ್ಕ ಹಾಕುವುದೇಕೆ? ಎರಡನ್ನೂ ಬಿಟ್ಟುಬಿಟ್ಟರೆ 7,225 ಕೋಟಿ ಇಳಿದು ಬರೀ 30 ಲಕ್ಷ 72 ಸಾವಿರವಾಗುತ್ತದೆ. 160 ಗುಣಿಲೆ 147, ಅಂದರೆ 23,520 ಪಟ್ಟು ಕಡಿಮೆ. ಉತ್ತರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಪಾಲಿಫೇಸ್ ಎಂಬ ಈ ಉಪಾಯ ಇಲ್ಲದಿದ್ದರೆ ನಮ್ಮ ಸೆಕೆಂಡಿಗೊಂದರ ಮನುಷ್ಯನಿಗೆ ಆ ಹಾಡು ಮುಗಿಸಲು 46 ವರ್ಷ ಸಾಲುತ್ತಿರಲಿಲ್ಲ, 11 ಲಕ್ಷ ವರ್ಷ ಬೇಕಾಗುತ್ತಿತ್ತು. ಗುಣಮಟ್ಟಕ್ಕೂ ಪ್ರೊಸೆಸರಿನ ಹೊರೆಗೂ ತಕ್ಕಡಿ ಹಿಡಿಯುವ ಮಾತು ಶುರುವಾಗುವುದು ಈ ಪುಕ್ಕಟೆ ಉಳಿತಾಯ ಮುಗಿದ ಮೇಲೆ. ಅಲ್ಲಿಂದ ಮುಂದೆ ಏನು ಬಿಟ್ಟರೂ ಅದಕ್ಕೆ ಬೆಲೆ ತೆರಬೇಕು.

ಮೊದಲ ಬಿಡುವಿಕೆ ಆಗಲೇ ಆಗಿಹೋಗಿದೆ. 64 ನೆರೆಯವರನ್ನೇ ಕೇಳಿದ್ದೇಕೆ? ಸಿದ್ಧಾಂತದ ಪ್ರಕಾರ ಒಂದು ಹೊಸ ಸ್ಯಾಂಪಲ್ ಸಂಪೂರ್ಣ ಸರಿಯಾಗಿ ಬರಬೇಕಾದರೆ ಹಾಡಿನ ಪ್ರತಿಯೊಂದು ಹಳೆಯ ಸ್ಯಾಂಪಲ್ಲಿಗೂ ಅದರಲ್ಲಿ ಪಾಲಿದೆ. ಕೊನೆಯ ಚರಣದ ಕೊಳಲಿಗೂ ಮೊದಲ ಆಲಾಪದಲ್ಲಿ ಒಂದು ಚೂರು ಮಾತಿದೆ! ಹಾಗೆ ಅಕ್ಷರಶಃ ಮಾಡಹೊರಟರೆ ಒಂದು ವಾಹಿನಿಗೆ 1.22 ಕೋಟಿ ಕೋಟಿ ಗುಣಾಕಾರ. ಸೆಕೆಂಡಿಗೊಂದರ ಲೆಕ್ಕದಲ್ಲಿ 38 ಲಕ್ಷ ವರ್ಷ. ದೂರ ಹೋದಂತೆ ತೂಕ ಇಳಿಯುತ್ತದೆ ನಿಜ, ಆದರೆ ಬಹಳ ನಿಧಾನವಾಗಿ ಇಳಿಯುತ್ತದೆ. ಸಾವಿರ ಸ್ಯಾಂಪಲ್ ಆಚೆಯದಕ್ಕೂ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು ಉಳಿದಿರಬಹುದು. ಎಲ್ಲೋ ಒಂದು ಕಡೆ ತಟ್ಟನೆ ಕತ್ತರಿಸಿದರೆ ಕತ್ತರಿಸಿದ ಅಂಚೇ ಸದ್ದು ಮಾಡುತ್ತದೆ. ಅದಕ್ಕೇ ಅಂಚನ್ನು ಮೆಲ್ಲಗೆ ಸೊನ್ನೆಗೆ ಇಳಿಸುತ್ತಾರೆ. ಹೇಗೆ ಇಳಿಸಬೇಕೆಂದು ಬೆಲ್ ಲ್ಯಾಬ್ಸ್‌ನ ಜೇಮ್ಸ್ ಕೈಸರ್ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ.

ಎಷ್ಟು ಉದ್ದಕ್ಕೆ ಕತ್ತರಿಸಬೇಕು ಎಂಬುದೇ ಆಯ್ಕೆ. ಸ್ಪೀಕ್ಸ್ ಎಂಬ ಮುಕ್ತ ತಂತ್ರಾಂಶದ ರೀಸ್ಯಾಂಪ್ಲರಿನಲ್ಲಿ 0ಯಿಂದ 10ರವರೆಗೆ ದರ್ಜೆಗಳಿವೆ: ಸೊನ್ನೆಗೆ 8 ನೆರೆಯವರು, ನಾಲ್ಕಕ್ಕೆ 64, ಹತ್ತಕ್ಕೆ 256. ಲಿಬ್‌ಸ್ಯಾಂಪಲ್‌ರೇಟ್ ಎಂಬ ಇನ್ನೊಂದು ಪ್ರಸಿದ್ಧ ತಂತ್ರಾಂಶದಲ್ಲಿ ಮೂರು ದರ್ಜೆ, ಮೂರು ಮಗ್ಗಿ. ವೇಗದ್ದರಲ್ಲಿ 2,464 ಸಂಖ್ಯೆಗಳು, ಮಧ್ಯಮದ್ದರಲ್ಲಿ 22,438, ಅತ್ಯುತ್ತಮದ್ದರಲ್ಲಿ 3,40,239. ತಪ್ಪಿನ ಸದ್ದು ಅಸಲಿ ಸದ್ದಿಗಿಂತ ಎಷ್ಟು ಕೆಳಗಿದೆ ಎಂದು ನೋಡಿದರೆ ಸುಮಾರು 97, 121, 145 ಡೆಸಿಬಲ್. ಡೆಸಿಬಲ್ ಎಂದಾಗ ಎಲ್ಲ ಒಂದೇ ಮಟ್ಟದ ಹಾಗೆ ಕಾಣಿಸುತ್ತದೆ, ಅದೇ ಅದರ ಮೋಸ. 97 ಎಂದರೆ ತಪ್ಪು ಎಪ್ಪತ್ತು ಸಾವಿರದಲ್ಲಿ ಒಂದು ಪಾಲು. 121 ಎಂದರೆ ಹನ್ನೊಂದು ಲಕ್ಷದಲ್ಲಿ ಒಂದು. 145 ಎಂದರೆ 1 ಕೋಟಿ 78 ಲಕ್ಷದಲ್ಲಿ ಒಂದು. ಅಸಲಿ ಸದ್ದಿನ ಎತ್ತರ ಬೆಂಗಳೂರಿನಿಂದ ಮೈಸೂರಿಗೆ ಇರುವ 145 ಕಿಲೋಮೀಟರ್ ಎಂದುಕೊಂಡರೆ ತಪ್ಪಿನ ಎತ್ತರ 8 ಮಿಲಿಮೀಟರ್.

ಸಿ.ಡಿ.ಯಲ್ಲೇ ಇರುವ ಮೆಟ್ಟಿಲುಗಳು 65,536. ಅಂದರೆ ಎಲ್ಲಕ್ಕಿಂತ ಅಗ್ಗದ 97 ಡೆಸಿಬಲ್ಲಿನ ತಪ್ಪೂ ಸಿ.ಡಿ.ಯ ಒಂದು ಮೆಟ್ಟಿಲಿಗಿಂತ ಚಿಕ್ಕದು. 145 ಡೆಸಿಬಲ್ ಕೆಳಗಿರುವ ತಪ್ಪನ್ನು ಯಾವ ಕಿವಿ ಕೇಳೀತು? ಬಸ್ಸಿನಲ್ಲಂತೂ ಇಲ್ಲ, ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಕೇಳುವ ಮಾತೇ ಬೇಡ. ನಿಶ್ಶಬ್ದ ಸ್ಟುಡಿಯೋದಲ್ಲೂ ಇಲ್ಲ. ದರ್ಜೆಗಳ ನಡುವೆ ಕಿವಿಗೆ ನಿಜವಾಗಿ ಸಿಗುವ ವ್ಯತ್ಯಾಸ ಬೇರೆ ಕಡೆ ಇದೆ: ಮೇಲಿನ ಸ್ವರಗಳು ಎಲ್ಲಿಯವರೆಗೆ ಉಳಿಯುತ್ತವೆ ಎಂಬುದರಲ್ಲಿ. ವೇಗದ್ದು ಸುಮಾರು 17,600 ಹರ್ಟ್ಸ್‌ವರೆಗೆ ಬಿಟ್ಟುಕೊಟ್ಟು ಆಮೇಲೆ ಇಳಿಸುತ್ತದೆ. ಅತ್ಯುತ್ತಮದ್ದು 21,000 ದಾಟುತ್ತದೆ. ಹದಿನಾರರ ಹುಡುಗಿಗೆ ಇದು ತುಸು ಗೊತ್ತಾದರೂ ಆದೀತು. ಐವತ್ತು ದಾಟಿದ ನನ್ನಂಥವರ ಕಿವಿ ಅದಕ್ಕಿಂತ ಎಷ್ಟೋ ಕೆಳಗೇ ಬಾಗಿಲು ಹಾಕಿಕೊಂಡಿರುತ್ತದೆ.

ಹಾಗಾದರೆ ಇನ್ನೂ ಅಗ್ಗಕ್ಕೆ ಇಳಿಯಬಹುದಲ್ಲ? ಅಕ್ಕಪಕ್ಕದ ಎರಡೇ ಸ್ಯಾಂಪಲ್ ಹಿಡಿದು ನಡುವೆ ಗೆರೆ ಎಳೆದರೆ ಎರಡೇ ಗುಣಾಕಾರ. 64ರ ಬದಲು 2! ಇದಕ್ಕೆ ಲೀನಿಯರ್ ಎನ್ನುತ್ತಾರೆ, ಮೊದಲ ಪ್ರಯತ್ನದಲ್ಲಿ ಎಲ್ಲರೂ ಬರೆಯುವುದು ಇದನ್ನೇ. ಬೆಲೆ ಏನೆಂದು ನೋಡಿ. 1,000 ಹರ್ಟ್ಸಿನ ಒಂದು ಸ್ವರ ಕೊಟ್ಟರೆ ಅದರ ಜತೆಗೆ 4,900 ಹರ್ಟ್ಸಿನಲ್ಲಿ ಒಂದು ಕಳ್ಳ ಸ್ವರ ಹುಟ್ಟುತ್ತದೆ. ಬಲ ಅಸಲಿಯ ಸಾವಿರದ ಎಂಟುನೂರರಲ್ಲಿ ಒಂದು, ಬಿಟ್ಟುಬಿಡಬಹುದು. ಅದೇ 10,000 ಹರ್ಟ್ಸ್ ಕೊಟ್ಟರೆ 13,900ರಲ್ಲಿ ಕಳ್ಳ ಸ್ವರ, ಬಲ ಹನ್ನೆರಡರಲ್ಲಿ ಒಂದು! ಅಸಲಿಯೂ ಸ್ವಲ್ಪ ಕುಗ್ಗಿರುತ್ತದೆ. ಭಾಷಣಕ್ಕೆ, ಹರಿಕಥೆಯ ಮಾತಿಗೆ ಲೀನಿಯರ್ ನಡೆದೀತು, ಮನುಷ್ಯನ ದನಿಯ ಬಹುಪಾಲು ಬಲ ಕೆಳಗೇ ಇರುತ್ತದೆ. ಭಜನೆಯ ತಾಳ, ನೃತ್ಯದ ಗೆಜ್ಜೆ, ತಂಬೂರಿಯ ಮೇಲಿನ ಝೇಂಕಾರ ಬಂದ ಕೂಡಲೇ ಕೆಟ್ಟಿತು. ಗೆಜ್ಜೆಯ ಜೀವ ಇರುವುದೇ ಹತ್ತು ಸಾವಿರದ ಆಸುಪಾಸಿನಲ್ಲಿ. ಅಲ್ಲಿ ಗೆಜ್ಜೆಗೆ ಸಂಬಂಧವೇ ಇಲ್ಲದ ಇನ್ನೊಂದು ಗೆಜ್ಜೆ ಅಪಸ್ವರದಲ್ಲಿ ಕುಣಿಯುತ್ತಿರುತ್ತದೆ. ಎರಡು ನೆರೆಯವರಿಂದ ಮೂವತ್ತೆಂಟು-ನಲವತ್ತಕ್ಕೆ ಏರುವಾಗ ಸಿಗುವ ಲಾಭ ದೊಡ್ಡದು. ನಲವತ್ತರಿಂದ ಇನ್ನೂರೈವತ್ತಕ್ಕೆ ಏರಿದರೆ ಸಿಗುವುದು ಬಹುತೇಕ ಮನಸ್ಸಿನ ನೆಮ್ಮದಿ.

ಹೊರೆಯ ಕಡೆಯನ್ನೂ ತೂಗೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಧ್ವನಿ-ಸಂಕೇತಗಳ ಲೆಕ್ಕಕ್ಕೆಂದೇ ಅವರಲ್ಲಿದ್ದ ಚಿಪ್ ಟಿಎಂಎಸ್32010. ಅದು ಸೆಕೆಂಡಿಗೆ 50 ಲಕ್ಷ ಸೂಚನೆ ನಡೆಸುತ್ತಿತ್ತು. ಒಂದು ಗುಣಿಸಿ-ಕೂಡುವುದಕ್ಕೆ ಎರಡು ಸೂಚನೆ. ನಮ್ಮ 64 ನೆರೆಯವರ ಲೆಕ್ಕದಲ್ಲಿ ಒಂದೇ ವಾಹಿನಿಗೆ 30.72 ಲಕ್ಷ ಬೇಕು. ಅಂದರೆ ಅಂದಿನ ಆ ವಿಶೇಷ ಚಿಪ್ಪಿಗೆ ಹಾಡಿನ ಅರ್ಧವನ್ನೂ ಹೊರಲು ಆಗುತ್ತಿರಲಿಲ್ಲ. ಇಂದಿನ ಫೋನಿನ ಒಂದು ಕೋರ್ ಸೆಕೆಂಡಿಗೆ 200 ಕೋಟಿ ಸಲ ಮಿಡಿಯುತ್ತದೆ, ಒಂದೇ ಮಿಡಿತದಲ್ಲಿ ನಾಲ್ಕು ಗುಣಾಕಾರ ಒಟ್ಟಿಗೆ ಮಾಡಬಲ್ಲದು. 61 ಲಕ್ಷ ಅದರ ಪಾಲಿಗೆ ಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ.

ಆದರೂ ಫೋನು ಮಾಡುವವರು ಕೈ ಬಿಗಿ ಹಿಡಿಯುತ್ತಾರೆ, ಕಾರಣ ಇದೆ. ಫೋನು ಸದ್ದನ್ನು ಸುಮಾರು 5 ಮಿಲಿಸೆಕೆಂಡಿನ ತುಂಡು ತುಂಡಾಗಿ ಸಿದ್ಧ ಮಾಡುತ್ತದೆ. ನಾಲ್ಕು ನಿಮಿಷದ ಹಾಡಿಗೆ 48,000 ತುಂಡು, 48,000 ಗಡುವು. ಒಂದು ತಪ್ಪಿದರೂ ಕಿವಿಯಲ್ಲಿ ಟಕ್ ಎನ್ನುತ್ತದೆ. ಆ 13,900 ಹರ್ಟ್ಸಿನ ಕಳ್ಳ ಸ್ವರವನ್ನು ಗುರುತಿಸದ ಕಿವಿಯೂ ಈ ಟಕ್ಕನ್ನು ಕ್ಷಮಿಸುವುದಿಲ್ಲ. ಮೇಲಾಗಿ ಹಾಡೊಂದೇ ಅಲ್ಲ. ಆಟದ ಸದ್ದು, ಮೆಸೇಜಿನ ಗಂಟೆ, ದಾರಿ ಹೇಳುವ ಹೆಂಗಸಿನ ದನಿ, ಎಲ್ಲವೂ ಬೇರೆ ಬೇರೆ ಲಯದಲ್ಲಿ ಬರುತ್ತವೆ. ಆಂಡ್ರಾಯ್ಡಿನ ತೆರೆದ ಕೋಡಿನಲ್ಲಿ ಇದಕ್ಕೊಂದು ಬಜೆಟ್ಟೇ ಇತ್ತು. ಅಗ್ಗದ ದರ್ಜೆಗೆ ಪ್ರೊಸೆಸರಿನ 3 ಮೆಗಾಹರ್ಟ್ಸ್, ಮಧ್ಯಮಕ್ಕೆ 6, ಉತ್ತಮಕ್ಕೆ 20, ಅತ್ಯುತ್ತಮಕ್ಕೆ 34. ಒಟ್ಟು ಮಿತಿ 130. ಅತ್ಯುತ್ತಮ ದರ್ಜೆಯವು ಮೂರು ಕೂತರೆ 102 ಆಯಿತು. ನಾಲ್ಕನೆಯದು ಬಂದರೆ 136, ಹಿಡಿಸದು. ಅದನ್ನು ಕೋಡು ಸದ್ದಿಲ್ಲದೆ ಒಂದು ದರ್ಜೆ ಕೆಳಗಿಳಿಸಿ 122ಕ್ಕೆ ಕೂರಿಸುತ್ತಿತ್ತು. ಆ 130 ಎಲ್ಲಿಂದ ಬಂತು? ಮನಸ್ಸಿಗೆ ತೋಚಿದ ಸಂಖ್ಯೆ ಎಂದು ಕೋಡ್ ಬರೆದವರೇ ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದಾರೆ. ನನಗೆ ಈ ಪ್ರಾಮಾಣಿಕತೆ ಬಹಳ ಇಷ್ಟ.

ಸಾವಿರಾರು ಜನರ ಮಾತನ್ನು ಒಟ್ಟಿಗೆ ಹೊರುವ ಸರ್ವರ್‌ಗಳದು ಇನ್ನೊಂದು ಲೋಕ. 10,000 ಕರೆಗಳು 8,000ದಿಂದ 48,000ಕ್ಕೆ ಏರಬೇಕೆಂದರೆ 64ರ ದರ್ಜೆಯಲ್ಲಿ ಸೆಕೆಂಡಿಗೆ 3,072 ಕೋಟಿ ಗುಣಾಕಾರ, 16ರ ದರ್ಜೆಯಲ್ಲಿ 768 ಕೋಟಿ. ಹಳೆಯ ಟೆಲಿಫೋನಿನ ದನಿ 3,400 ಹರ್ಟ್ಸಿಗೇ ಮುಗಿಯುತ್ತದೆ. ಅಲ್ಲಿ 16ಕ್ಕಿಂತ ಮೇಲೆ ಹೋಗುವುದು ಕರೆಂಟು ಬಿಲ್ಲಿಗೆ ಮಾಡುವ ದಾನ.

ಇದಕ್ಕೆಲ್ಲ ತದ್ವಿರುದ್ಧವಾದ ಕೆಲಸ ಒಂದಿದೆ, ವಿಮಾನ ನಿಲ್ದಾಣದ ರಸ್ತೆಯ ಕಲ್ಯಾಣ ಮಂಟಪಗಳಲ್ಲಿ ವಿಡಿಯೋ ತೆಗೆಯುವವರನ್ನು ಕೇಳಿ ನೋಡಿ. ಬೆಳಿಗ್ಗೆ ಆರಕ್ಕೆ ಕ್ಯಾಮೆರಾ ಶುರು, ನಾಗಸ್ವರ-ಡೋಲಿಗೆ ಬೇರೆ ರೆಕಾರ್ಡರ್. ಎರಡೂ 48,000 ಎಂದೇ ಹೇಳಿಕೊಳ್ಳುತ್ತವೆ. ಆದರೆ ಒಂದೊಂದರ ಒಳಗೂ ಅದರದೇ ಗಡಿಯಾರದ ಸ್ಫಟಿಕ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಸಾಮಾನ್ಯ ಸಂಗತಿ. ಸೆಕೆಂಡಿಗೆ 2.4 ಸ್ಯಾಂಪಲ್. ಏನೂ ಅಲ್ಲ ಅನ್ನಿಸುತ್ತದೆ. ಗಂಟೆಗೆ 8,640 ಆಯಿತು. ಒಂಬತ್ತರ ಮುಹೂರ್ತದ ಹೊತ್ತಿಗೆ 25,920, ಅಂದರೆ ಅರ್ಧ ಸೆಕೆಂಡಿಗೂ ಮಿಗಿಲು, ಚಿತ್ರದ ಲೆಕ್ಕದಲ್ಲಿ ಹದಿಮೂರು ಫ್ರೇಮು. ತಾಳಿ ಬಿದ್ದ ಮೇಲೆ ಗಟ್ಟಿಮೇಳ! ಡೋಲಿನ ಕೋಲು ಮೇಲೆದ್ದಾಗ ಪೆಟ್ಟು ಕೇಳುತ್ತದೆ. ಅವರ ಭಾಷೆಯಲ್ಲಿ ‘ಸಿಂಕ್ ಹೋಗಿದೆ’.

ಇಲ್ಲಿ ಬೇಕಾದ ಅನುಪಾತ 160ಕ್ಕೆ 147ರಂತೆ ಚೊಕ್ಕ ಅಲ್ಲ, 1.00005, ಅದೂ ಮಂಟಪದ ಸೆಖೆ ಏರಿದಂತೆ ಕೊಂಚ ಬದಲಾಗುತ್ತದೆ. ಹೊಸ ಸ್ಯಾಂಪಲ್ ಎಲ್ಲಿ ಬೇಕಾದರೂ ಬಿದ್ದೀತು. 160 ಸಾಲಿನ ಮಗ್ಗಿ ಸಾಲದು. ಲಿಬ್‌ಸ್ಯಾಂಪಲ್‌ರೇಟಿನ ಅತ್ಯುತ್ತಮ ಮಗ್ಗಿ ಮೂರು ಲಕ್ಷ ನಲವತ್ತು ಸಾವಿರ ಸಂಖ್ಯೆಗೆ ಬೆಳೆದದ್ದು ಇಂಥ ಕೆಲಸಕ್ಕೆಂದೇ: ಎರಡು ಸ್ಯಾಂಪಲ್‌ಗಳ ನಡುವಿನ ಜಾಗವನ್ನು 2,381 ಭಾಗ ಮಾಡಿ, ಎರಡೂ ಕಡೆಗೆ 143ರಷ್ಟು, ಒಟ್ಟು 286 ನೆರೆಯವರನ್ನು ಕೇಳುತ್ತದೆ. ಎರಡೂ ವಾಹಿನಿ ಸೇರಿ ಮೂರು ಗಂಟೆಯ ಧ್ವನಿಗೆ 29,652 ಕೋಟಿ ಗುಣಾಕಾರ. ಇಲ್ಲಿ 5 ಮಿಲಿಸೆಕೆಂಡಿನ ಗಡುವಿಲ್ಲ, ಬ್ಯಾಟರಿಯ ಚಿಂತೆಯಿಲ್ಲ, ಆಲ್ಬಮ್ಮು ಕೊಡಬೇಕಾದದ್ದು ಬರುವ ತಿಂಗಳು. ಲ್ಯಾಪ್‌ಟಾಪಿಗೆ ಕೆಲಸ ಹಚ್ಚಿ ಕಾಫಿ ಕುಡಿದು ಬಂದರೆ ಮುಗಿದಿರುತ್ತದೆ. ಆದ್ದರಿಂದ ಎಡಿಟಿಂಗ್ ಟೇಬಲ್ಲಿನಲ್ಲಿ ಕೂತವರು ಎಲ್ಲಕ್ಕಿಂತ ಮೇಲಿನ ದರ್ಜೆಯನ್ನೇ ಒತ್ತಬೇಕು. ಬಸ್ಸಿನಲ್ಲಿ ಕೂತವರ ಫೋನು ನಡುವಿನದನ್ನು ಹಿಡಿದರೆ ಅದಕ್ಕೆ ಯಾರೂ ಬೇಸರಪಡಬೇಕಾಗಿಲ್ಲ.